ಕರೆಂಟ್ ಎಷ್ಟು ಹೊತ್ತು ಹೋಗುತ್ತದೆ? ಹಳೇ ಫೋನಿನಲ್ಲೇ ಲೆಕ್ಕ ಇಡಿ

ಕೆಆರ್‌ಎಸ್‌ನಲ್ಲಿ ನೀರು ಎಷ್ಟು ಅಡಿ ಇದೆ ಎಂದು ದಿನಾ ಪೇಪರ್ ನೋಡುವ ಸೀಮೆ ನಮ್ಮದು. ಭರ್ತಿ ಅಂದರೆ 124.80 ಅಡಿ ಅಂತ ಮಕ್ಕಳೂ ಹೇಳುತ್ತಾರೆ. ಆದರೆ ಮನೇಲಿ ಕರೆಂಟ್ ಎಷ್ಟು ಸಲ ಹೋಯ್ತು, ಎಷ್ಟು ಹೊತ್ತು ಹೋಯ್ತು ಅಂತ ಕೇಳಿ. ಕುವೆಂಪುನಗರದಲ್ಲೂ ಮದ್ದೂರಿನಲ್ಲೂ ಒಂದೇ ಉತ್ತರ: "ಜಾಸ್ತಿ ಹೋಗುತ್ತೆ." ಈ 'ಜಾಸ್ತಿ'ಗೆ ಲೆಕ್ಕ ಬೇಕಲ್ವಾ? ಬೀರುವಿನಲ್ಲಿ ಬಿದ್ದಿರುವ ಹಳೇ ಆಂಡ್ರಾಯ್ಡ್ ಫೋನ್ ಅದಕ್ಕೆ ಸಾಕು.

ಚಾರ್ಜರ್‌ಗೆ ಹಾಕಿಟ್ಟ ಫೋನಿಗೆ ಕರೆಂಟ್ ಹೋದದ್ದು ತಕ್ಷಣ ಗೊತ್ತಾಗುತ್ತದೆ. ಒಳಗೆ ಬ್ಯಾಟರಿ ಇರುವುದರಿಂದ ಕತ್ತಲಲ್ಲೂ ಅದು ಬರೆದುಕೊಳ್ಳಬಲ್ಲದು.

ಮೊದಲು ಜಾಗ ಆರಿಸಿ. ಮನೆಯಲ್ಲಿ ಯುಪಿಎಸ್ ಇದ್ದರೆ ಅದರ ಲೈನಿನಲ್ಲಿ ಫೋನ್ ಹಾಕಬೇಡಿ, ಕರೆಂಟ್ ಹೋದದ್ದೇ ಅದಕ್ಕೆ ತಿಳಿಯುವುದಿಲ್ಲ. ಸಾಮಾನ್ಯವಾಗಿ ಫ್ರಿಜ್‌ನ ಪಾಯಿಂಟ್ ಯುಪಿಎಸ್‌ಗೆ ಸೇರಿರುವುದಿಲ್ಲ, ಅಂಥದ್ದನ್ನು ಹುಡುಕಿ. ಫೋನಿನ ಬ್ಯಾಟರಿ ಊದಿಕೊಂಡಿದ್ದರೆ ಆ ಫೋನ್ ಬೇಡವೇ ಬೇಡ. ಚೆನ್ನಾಗಿರುವ ಫೋನನ್ನೂ ಗಾಳಿಯಾಡುವ ಕಡೆ ಇಡಿ.

ಆಮೇಲೆ ಎಫ್-ಡ್ರಾಯ್ಡ್ ಎಂಬ ಉಚಿತ ಆ್ಯಪ್‌ಗಳ ತಾಣದಿಂದ ಟರ್ಮಕ್ಸ್ (ಫೋನಿನಲ್ಲಿ ಕಮಾಂಡ್ ಟೈಪ್ ಮಾಡಿ ಪ್ರೋಗ್ರಾಂ ಓಡಿಸುವುದು) ಮತ್ತು ಟರ್ಮಕ್ಸ್ ಎಪಿಐ (ಬ್ಯಾಟರಿಯಂಥ ಫೋನಿನ ಮಾಹಿತಿಯನ್ನು ಟರ್ಮಕ್ಸ್‌ಗೆ ಒದಗಿಸುವುದು) ಎಂಬ ಎರಡು ಆ್ಯಪ್ ಹಾಕಿಕೊಳ್ಳಿ. ಎರಡೂ ಒಂದೇ ಕಡೆಯಿಂದ ಬರಬೇಕು, ಇಲ್ಲದಿದ್ದರೆ ಹೊಂದಿಕೊಳ್ಳುವುದಿಲ್ಲ. ಟರ್ಮಕ್ಸ್ ಒಳಗೆ ಎಪಿಐ ಪ್ಯಾಕೇಜ್ ಮತ್ತು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಹಾಕಿ. ಫೋನ್ ನಿದ್ದೆ ಹೋಗದಂತೆ ವೇಕ್ ಲಾಕ್ ಆನ್ ಮಾಡಿ, ಬ್ಯಾಟರಿ ಉಳಿತಾಯದ ಸೆಟ್ಟಿಂಗ್‌ನಿಂದ ಟರ್ಮಕ್ಸ್‌ಗೆ ವಿನಾಯಿತಿ ಕೊಡಿ.

ಇನ್ನು ಪ್ರೋಗ್ರಾಂ. ಪೈಥಾನ್‌ನಲ್ಲಿ ಸಣ್ಣದೊಂದು ಲೂಪ್, ಅಷ್ಟೇ. ಪ್ರತಿ 30 ಸೆಕೆಂಡಿಗೆ ಬ್ಯಾಟರಿ ಸ್ಟೇಟಸ್ ಕೇಳುವುದು, ಚಾರ್ಜರ್ ಸಿಕ್ಕಿಸಿದೆಯೋ ಇಲ್ಲವೋ ನೋಡುವುದು. ನೋಡಿದಾಗಲೆಲ್ಲ ಬರೆದರೆ ದಿನಕ್ಕೆ 2,880 ಸಾಲು ಆಗುತ್ತದೆ. ಹಾಗಾಗಿ ಸ್ಥಿತಿ ಬದಲಾದಾಗ ಮಾತ್ರ ಒಂದು ಸಾಲು ಸಾಕು: ತಾರೀಖು, ಸಮಯ, 'ಹೋಯ್ತು' ಅಥವಾ 'ಬಂತು'. ಪ್ರೋಗ್ರಾಂ ಶುರುವಾದಾಗಲೂ ಒಂದು ಸಾಲು ಬರೆಸಿ. ಬ್ಯಾಟರಿ ಮುಗಿದು ಫೋನೇ ಆಫ್ ಆಗಿದ್ದರೆ ಅದರಿಂದ ಸುಳಿವು ಸಿಗುತ್ತದೆ. ಕೋಡ್ ಬರೆಯಲು ಬಾರದವರು ಎಂಜಿನಿಯರಿಂಗ್ ಓದುವ ಮಕ್ಕಳನ್ನು ಕೇಳಿ, ಒಂದು ಸಂಜೆಯ ಕೆಲಸ.

ಒಂದು ವಾರದ ಲೆಕ್ಕ ನೋಡಿ ತೀರ್ಮಾನ ಮಾಡಬೇಡಿ. ಏಪ್ರಿಲ್-ಮೇ ತಿಂಗಳ ಗಾಳಿ ಮಳೆಗೆ ಕೊಂಬೆಗಳು ವೈರಿನ ಮೇಲೆ ಬೀಳುವ ದಿನಗಳೂ ಅದರಲ್ಲಿ ಸೇರಬೇಕು. ಮನೆಯ ಎಂಸಿಬಿ (ಲೋಡ್ ಜಾಸ್ತಿಯಾದರೆ ತಾನೇ ಆಫ್ ಆಗುವ ಸ್ವಿಚ್) ಟ್ರಿಪ್ ಆದರೂ ಫೋನ್ 'ಹೋಯ್ತು' ಅಂತಲೇ ಬರೆಯುತ್ತದೆ. ಪಕ್ಕದ ಮನೆಯಲ್ಲಿ ಲೈಟ್ ಇದೆಯಾ ನೋಡಿಕೊಂಡು ಅಂಥ ಸಾಲಿಗೆ ಗುರುತು ಹಾಕಿ.

ಯುಪಿಎಸ್‌ಗೆ ಹೊಸ ಬ್ಯಾಟರಿ ಕೊಳ್ಳುವಾಗ ಈ ಲೆಕ್ಕ ತುಂಬಾ ಉಪಯೋಗಕ್ಕೆ ಬರುತ್ತದೆ. ಅಲ್ಲಿ ಒಟ್ಟು ಗಂಟೆಗಿಂತ ಮುಖ್ಯ, ಒಂದೇ ಸಲ ಎಷ್ಟು ಹೊತ್ತು ಹೋಯ್ತು ಅನ್ನುವುದು. ಐದೈದು ನಿಮಿಷ ಹತ್ತು ಸಲ ಹೋದರೆ ಚಿಕ್ಕ ಬ್ಯಾಟರಿಯೇ ತಡೆಯುತ್ತದೆ. ಒಂದೇ ಸಲ ಮೂರು ಗಂಟೆ ಹೋಗುವ ಮನೆಗೆ ದೊಡ್ಡದೇ ಬೇಕು. ವಿದ್ಯುತ್ ಸಹಾಯವಾಣಿ 1912ಕ್ಕೆ ಫೋನ್ ಮಾಡಿ ದೂರು ಕೊಡುವಾಗಲೂ ತಾರೀಖು, ಸಮಯ ಓದಿ ಹೇಳಿ, ದೂರಿನ ನಂಬರನ್ನು ಅದೇ ಸಾಲಿನ ಪಕ್ಕ ಬರೆದಿಡಿ.