ಬಿಸಿಲೂರಿನಲ್ಲಿ ಟೈಲ್ಸ್ ಕೆಲಸ: ಕತ್ತರಿಸುವುದು, ಕೂರಿಸುವುದು, ಸಂದು ತುಂಬುವುದು

ಒಲೆ ಹಿಂದಿನ ಗೋಡೆಗೆ ಎರಡು ಸಾಲು ಟೈಲ್ಸ್ ಹಾಕಿಸಬೇಕು ಅಂದರೆ ರಾಯಚೂರಿನಲ್ಲಿ ಗೌಂಡಿ ಸಿಗುವುದು ಕಷ್ಟ. ಅಷ್ಟು ಸಣ್ಣ ಕೆಲಸಕ್ಕೆ ಬಂದರೆ ಅವರಿಗೆ ದಿನದ ಪಗಾರ ಗಿಟ್ಟುವುದಿಲ್ಲ. ಹಾಗಂತ ಬಿಡಬೇಕಾಗಿಲ್ಲ, ಇದನ್ನು ಮನೆಯವರೇ ಮಾಡಿಕೊಳ್ಳಬಹುದು. ಒಂದು ಮಾತು ಮಾತ್ರ ನೆನಪಿರಲಿ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಟೈಲ್ಸ್ ಅಂಟು, ಸಂದು ತುಂಬುವ ಗ್ರೌಟ್ ಎರಡೂ ಗಟ್ಟಿಯಾಗುವ ಮೊದಲೇ ಒಣಗಿಬಿಡುತ್ತವೆ. ಸಿಮೆಂಟ್ ಗಟ್ಟಿಯಾಗಲು ನೀರು ಬೇಕು. ಆ ನೀರನ್ನು ಬಿಸಿಲು ಎಳೆದುಕೊಂಡರೆ ಸಂದು ನಾಲ್ಕು ದಿನಕ್ಕೇ ಪುಡಿಪುಡಿ. ಅದಕ್ಕೇ ಬೆಳಿಗ್ಗೆ ಬೇಗ ಶುರು ಮಾಡಿ, ಬಿಸಿಲೇರುವ ಮೊದಲು ಕೈ ತೊಳೆದುಕೊಳ್ಳಿ.

ಮೊದಲು ಗೋಡೆ

ಗೋಡೆಗೆ ಬಣ್ಣ, ಪುಟ್ಟಿ ಇದ್ದರೆ ಪೂರ್ತಿ ಕೆರೆದು ತೆಗೆಯಿರಿ. ಪುಟ್ಟಿ ಮೇಲೆ ಅಂಟಿಸಿದ ಟೈಲ್ಸ್ ಪುಟ್ಟಿ ಸಮೇತ ಕಳಚಿ ಬೀಳುತ್ತದೆ. ಗಿಲಾವು ಕಾಣಬೇಕು. ಬೆರಳ ಗೆಣ್ಣಿನಿಂದ ತಟ್ಟಿ ನೋಡಿ, ಟೊಳ್ಳು ಸದ್ದು ಬಂದ ಕಡೆ ಗಿಲಾವು ಕಿತ್ತು ಮತ್ತೆ ಮಾಡಬೇಕು. ಸಿಂಧನೂರು, ಮಾನ್ವಿ ಕಡೆಯ ಎರೆ ಭೂಮಿಯ ಮನೆಗಳಲ್ಲಿ ಇನ್ನೊಂದು ನೋಡಬೇಕು. ಎರೆ ಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಗೋಡೆಯಲ್ಲಿ ವರ್ಷ ವರ್ಷ ಅಗಲವಾಗುವ ಬಿರುಕಿದ್ದರೆ ಮೊದಲು ಅದಕ್ಕೆ ದಾರಿ ಹುಡುಕಿ. ಇಲ್ಲದಿದ್ದರೆ ಬಿರುಕು ಟೈಲ್ಸ್ ಮೇಲೂ ಮೂಡುತ್ತದೆ.

ಕತ್ತರಿಸುವುದು

ಗೋಡೆಗೆ ಸೆರಾಮಿಕ್ ಟೈಲ್ಸ್ ಸಾಕು, ಹಗುರ, ಕತ್ತರಿಸಲೂ ಸಲೀಸು. ಮೊದಲು ಕಟ್ಟೆ ಮೇಲೆ ಸುಮ್ನೆ ಜೋಡಿಸಿ ನೋಡಿ. ಮೂಲೆಯಲ್ಲಿ ಎರಡು ಇಂಚಿಗಿಂತ ಸಣ್ಣ ಪಟ್ಟಿ ಉಳಿಯುವಂತಿದ್ದರೆ ಇಡೀ ಸಾಲನ್ನು ಸರಿಸಿ, ಎರಡೂ ಮೂಲೆಗೆ ಸಮನಾದ ತುಂಡು ಬರುವಂತೆ ಮಾಡಿ. ಅಳತೆ ತೆಗೆಯುವಾಗ ಸಂದಿನ 2 ಅಥವಾ 3 ಮಿಲಿಮೀಟರ್ ಕಳೆಯುವುದನ್ನು ಮರೆಯಬೇಡಿ.

ನೇರ ತುಂಡಿಗೆ ಕೈಯಿಂದ ಎಳೆಯುವ ಟೈಲ್ ಕಟರ್ ಒಳ್ಳೆಯದು. ಬಾಡಿಗೆಗೆ ಸಿಕ್ಕರೆ ಕೊಳ್ಳುವ ಖರ್ಚೂ ಉಳಿಯುತ್ತದೆ. ಹೊಳಪಿನ ಮೈ ಮೇಲೆ ಮಾಡಿಟ್ಟು, ಪುಟ್ಟ ಚಕ್ರವನ್ನು ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಒಂದೇ ಸಲ ಎಳೆಯಿರಿ. ಸರ್ರ್ ಎಂಬ ಒಂದೇ ಸಮನಾದ ಸದ್ದು ಬರಬೇಕು. ನಡುವೆ ಸದ್ದು ನಿಂತರೆ ಅಲ್ಲಿ ಗೀರು ಬಿದ್ದಿಲ್ಲ ಎಂದರ್ಥ, ಅಲ್ಲೇ ಟೈಲ್ಸ್ ವಾರೆಯಾಗಿ ಒಡೆಯುತ್ತದೆ. ಅದೇ ಗೀರಿನ ಮೇಲೆ ಮತ್ತೆ ಮತ್ತೆ ಎಳೆದರೆ ಅಂಚು ಚಿಪ್ಪು ಚಿಪ್ಪಾಗುತ್ತದೆ. ಗೀರು ಬಿದ್ದ ಮೇಲೆ ಹಿಡಿಕೆಯನ್ನು ಮೆಲ್ಲಗೆ ಒತ್ತಿ. ಕತ್ತರಿಸಿದ ಅಂಚು ಚಾಕುವಿನಷ್ಟು ಚೂಪು, ಮಸೆಗಲ್ಲಿನಿಂದ ಉಜ್ಜಿ.

ಸ್ವಿಚ್ ಬೋರ್ಡಿನ ಸುತ್ತ ಬರುವ ಟೈಲ್ಸ್‌ಗೆ ಡೈಮಂಡ್ ಬ್ಲೇಡ್ ಹಾಕಿದ ಗ್ರೈಂಡರ್ ಬೇಕು. ಇಂಥ ಕಡೆ ಬಿರುಕು ಶುರುವಾಗುವುದೇ ಒಳಮೂಲೆಯಿಂದ. ಮೂಲೆಯಲ್ಲಿ ಮೊದಲು ಸಣ್ಣ ತೂತು ಕೊರೆದು, ಆಮೇಲೆ ತೂತಿನಿಂದ ತೂತಿಗೆ ಕತ್ತರಿಸಿ. ಡ್ರಿಲ್ಲಿನ ಹ್ಯಾಮರ್, ಅಂದರೆ ಕುಟ್ಟುತ್ತಾ ಕೊರೆಯುವ ಸೆಟ್ಟಿಂಗ್, ಬಂದ್ ಇರಲಿ. ಈ ಕೆಲಸ ಮಾಳಿಗೆ ಮೇಲೋ ಅಂಗಳದಲ್ಲೋ ಆಗಲಿ, ಮನೆಯೊಳಗೆ ಬೇಡ. ಟೈಲ್ಸ್ ಧೂಳಿನಲ್ಲಿ ಸಿಲಿಕಾ ಇರುತ್ತದೆ. ಅದು ಪುಪ್ಪುಸಕ್ಕೆ ಹೋಗಿ ಕೂತರೆ ಹೊರಗೆ ಬರುವುದಿಲ್ಲ. ಟವೆಲ್ ಸುತ್ತಿಕೊಂಡರೆ ಸಾಲದು, ಎನ್95 ಮಾಸ್ಕ್, ಕನ್ನಡಕ ಎರಡೂ ಬೇಕೇ ಬೇಕು. ಗ್ರೈಂಡರಿನ ಗಾರ್ಡ್ ಬಿಚ್ಚಬೇಡಿ.

ಕೂರಿಸುವುದು

ಬೋರ್ಡಿನ ಹತ್ತಿರ ಕೈ ಹಾಕುವ ಮೊದಲು ಮೇನ್ ಸ್ವಿಚ್ ಆಫ್ ಮಾಡಿ. ಬಿಸಿ ಗೋಡೆಗೆ ಬಟ್ಟೆಯಿಂದ ನೀರು ಸವರಿ, ಒದ್ದೆಯಾಗಿರಲಿ, ನೀರು ಇಳಿಯಬಾರದು. ಟೈಲ್ಸ್ ಅಂಟು, ಅಂದರೆ ಟೈಲ್ ಅಡ್ಹೆಸಿವ್, ಬಳಸುವುದಾದರೆ ಟೈಲ್ಸ್ ನೆನೆಸುವುದು ಬೇಡ, ಅದು ಬರೀ ಸಿಮೆಂಟಿನಲ್ಲಿ ಕೂರಿಸುವವರ ಪದ್ಧತಿ. ಹಲ್ಲಿನ ಕರಣಿಯಿಂದ ಎರಡು ಮೂರು ಟೈಲ್ಸ್‌ಗೆ ಸಾಕಾಗುವಷ್ಟೇ ಅಂಟು ಬಳಿಯಿರಿ. ಬೆರಳಿಟ್ಟಾಗ ಬೆರಳಿಗೆ ಮೆತ್ತಲಿಲ್ಲವೆಂದರೆ ಅದು ಕೆನೆಗಟ್ಟಿದೆ. ಕೆರೆದು ಎಸೆಯಿರಿ, ಮೇಲೆ ನೀರು ಚಿಮುಕಿಸಿ ಬಳಸಬೇಡಿ. ಸಂದು ಸಮನಾಗಿರಲು ಟೈಲ್ಸ್ ನಡುವೆ ಸಣ್ಣ ಸ್ಪೇಸರ್ ತುಂಡು ಇಟ್ಟು, ರಸಮಟ್ಟ ಹಿಡಿದು ನೋಡುತ್ತಾ ಹೋಗಿ. ಕಟ್ಟೆಯ ಕಲ್ಲಿಗೂ ಮೊದಲ ಸಾಲಿಗೂ ನಡುವೆ 3 ಮಿಲಿಮೀಟರ್ ಜಾಗ ಇರಲಿ. ಸಂದಿನಿಂದ ಹೊರಬಂದ ಅಂಟನ್ನು ಹಸಿ ಇರುವಾಗಲೇ ತೆಗೆಯಿರಿ. ಆಮೇಲೆ 24 ಗಂಟೆ ಮುಟ್ಟಬೇಡಿ.

ಸಂದು ತುಂಬುವುದು

ಹೆಚ್ಚಿನವರು ಅವಸರ ಮಾಡುವುದು ಇಲ್ಲೇ. ವೈಟ್ ಸಿಮೆಂಟ್ ಅಗ್ಗ, ನಿಜ. ಆದರೆ ಒಲೆ ಹಿಂದೆ ಎಣ್ಣೆ, ಅರಿಶಿನ ಹೀರಿ ಹಳದಿಯಾಗುತ್ತದೆ, ಬಿರುಕೂ ಬಿಡುತ್ತದೆ. ಅಂಗಡಿಯಲ್ಲಿ ಗ್ರೌಟ್ ಎಂದೇ ಕೇಳಿ ತನ್ನಿ, ಬೂದು ಬಣ್ಣದ್ದಾದರೆ ಕಲೆ ಕಾಣುವುದಿಲ್ಲ. ಸಿಮೆಂಟ್ ಬದಲು ರಾಳದಿಂದ ಮಾಡಿದ ಎಪಾಕ್ಸಿ ಗ್ರೌಟ್‌ಗೆ ಕಲೆ ಹಿಡಿಯುವುದು ತೀರಾ ಕಡಿಮೆ. ಆದರೆ ನಮ್ಮ ಸೆಕೆಯಲ್ಲಿ ಅದು ಕಲಸಿದ ಡಬ್ಬದಲ್ಲೇ ಬೇಗ ಬಿಗಿಯುತ್ತದೆ. ಮೊದಲ ಸಲ ಮಾಡುವವರು ಅದನ್ನು ಚಳಿಗಾಲಕ್ಕೆ ಇಟ್ಟುಕೊಳ್ಳುವುದು ಮೇಲು.

ಬೋರಿನ ಸವಳು ನೀರಿನಲ್ಲಿ ಕಲಸಬೇಡಿ. ಒಣಗಿದ ಮೇಲೆ ಸಂದಿನಲ್ಲಿ ಬಿಳಿ ಉಪ್ಪು ಏಳುತ್ತದೆ. ಕುಡಿಯುವ ನೀರೇ ಆಗಲಿ, ಕೊಡದ ತಣ್ಣೀರಾದರೆ ಇನ್ನೂ ಒಳ್ಳೆಯದು. ನೀರಿಗೆ ಪುಡಿ ಹಾಕುತ್ತಾ ಗಟ್ಟಿ ಶೇಂಗಾ ಚಟ್ನಿಯ ಹದಕ್ಕೆ ತನ್ನಿ. ಐದು ನಿಮಿಷ ಬಿಟ್ಟು ಮತ್ತೊಮ್ಮೆ ತಿರುವಿ, ನೀರು ಸೇರಿಸಬೇಡಿ. ಇಡೀ ಪ್ಯಾಕೆಟ್ ಒಮ್ಮೆಗೇ ಕಲಸುವುದು ಬೇಡ.

ರಬ್ಬರ್ ಕರಣಿಯನ್ನು ಸಂದಿಗೆ ಓರೆಯಾಗಿ ಹಿಡಿದು ಒತ್ತಿ ತುಂಬಿ. ಸಂದಿನ ಗುಂಟ ನೇರ ಎಳೆದರೆ ತುಂಬಿದ್ದೆಲ್ಲ ಕರಣಿಯ ಜೊತೆ ಎದ್ದು ಬರುತ್ತದೆ. ತುಂಬಿದ ಮೇಲೆ ಗಡಿಯಾರ ನೋಡಬೇಡಿ, ಹೆಬ್ಬೆರಳು ನಂಬಿ. ಸಂದಿಗೆ ಒತ್ತಿದಾಗ ಬೆರಳಿಗೆ ಅಂಟಬಾರದು, ಗುಳಿ ಬೀಳಬಾರದು. ಆಗ ಚೆನ್ನಾಗಿ ಹಿಂಡಿದ ಸ್ಪಂಜಿನಿಂದ ಓರೆಯಾಗಿ ಒರೆಸಿ, ಪ್ರತಿ ಸಲ ಸ್ಪಂಜು ತೊಳೆಯಿರಿ. ನೀರು ಸೋರುವ ಸ್ಪಂಜಿನಿಂದ ಒರೆಸಿದರೆ ಬಣ್ಣ ತೊಳೆದುಹೋಗಿ ಸಂದು ತೇಪೆ ತೇಪೆಯಾಗಿ ಕಾಣುತ್ತದೆ. ಟೈಲ್ಸ್ ಮೇಲೆ ಉಳಿಯುವ ಬಿಳಿ ಮಬ್ಬನ್ನು ಒಣ ಬಟ್ಟೆಯಿಂದ ಉಜ್ಜಿದರೆ ಸಾಕು.

ಗೋಡೆ ಮೂಲೆಗೆ, ಕಟ್ಟೆ ಸೇರುವ ಕಡೆಗೆ ಗ್ರೌಟ್ ಬೇಡ. ಅಲ್ಲಿ ಎರಡು ಮೈಗಳು ಬೇರೆ ಬೇರೆಯಾಗಿ ಅಲುಗುತ್ತವೆ, ಗ್ರೌಟ್ ಸೀಳುತ್ತದೆ. ಉಳಿದ ಸಂದುಗಳ ಗ್ರೌಟ್ ಪೂರ್ತಿ ಒಣಗಿದ ಮೇಲೆ ಇಲ್ಲಿಗೆ ರಬ್ಬರಿನಂತೆ ಬಾಗುವ ಸಿಲಿಕೋನ್ ಹಾಕಿ.

ಮುಂದಿನ ಮೂರು ದಿನ ಬೆಳಿಗ್ಗೆ, ಸಂಜೆ ಸಂದಿಗೆ ಸಣ್ಣಗೆ ನೀರು ಸಿಂಪಡಿಸಿ. ಫ್ಯಾನ್ ಬೇಡ, ಕಿಟಕಿಯಿಂದ ಬಿಸಿಲು ಬೀಳುತ್ತಿದ್ದರೆ ಪರದೆ ಎಳೆಯಿರಿ. ಒಲೆಯನ್ನು ಒಂದು ದಿನವಾದರೂ ಗೋಡೆಯಿಂದ ದೂರ ಇಟ್ಟುಕೊಂಡು ಅಡುಗೆ ಮಾಡಿ. ಮುಂದೆ ಜಿಡ್ಡು ಹಿಡಿದಾಗ ಸೋಪಿನ ನೀರು, ಮೆತ್ತನೆ ಬ್ರಷ್ ಸಾಕು. ಬಚ್ಚಲು ತೊಳೆಯುವ ಆಸಿಡ್ ಮಾತ್ರ ಈ ಗೋಡೆಗೆ ತರಬೇಡಿ, ಅದು ಸಿಮೆಂಟಿನ ಗ್ರೌಟನ್ನು ತಿಂದುಹಾಕುತ್ತದೆ.