ಕಾಲೊನಿಯಲ್ಲಿ ಭಾನುವಾರದ ವಿಜ್ಞಾನ ಕೂಟ: ಶುರು ಮಾಡುವುದು ಹೇಗೆ?

ಕೂಲಿ ಮಾಡುವವರ, ಮನೆಗೆಲಸಕ್ಕೆ ಹೋಗುವವರ ಮಕ್ಕಳಿಗೆ ವಿಜ್ಞಾನ ಹೇಳಿಕೊಡಬೇಕು ಅಂತ ಆಸೆಪಟ್ಟು ಬರುವವರು ಬೆಂಗಳೂರಿನಲ್ಲಿ ಕಡಿಮೆ ಇಲ್ಲ. ನಾಲ್ಕು ಭಾನುವಾರ ಜೋರಾಗಿ ನಡೆಯುತ್ತದೆ. ಐದನೇ ವಾರ ಮಕ್ಕಳೇ ಇರುವುದಿಲ್ಲ. ಇದನ್ನು ನಾನು ಬೇಕಾದಷ್ಟು ಸಲ ನೋಡಿದ್ದೇನೆ. ದೊಡ್ಡವರು ಮಾಡಿ ತೋರಿಸುತ್ತಾರೆ, ಮಕ್ಕಳು ಕೈಕಟ್ಟಿ ಕೂತು ನೋಡುತ್ತಾರೆ. ಶಾಲೆಯಲ್ಲೂ ಅದೇ ಆಗಿರುತ್ತದೆ, ಅಲ್ವಾ? ಮತ್ತೆ ಯಾಕೆ ಬರಬೇಕು?

ಮೊದಲು ಜಾಗ. ಸಮುದಾಯ ಭವನ, ಅಂಗನವಾಡಿ, ದೇವಸ್ಥಾನದ ಜಗಲಿ, ಯಾವುದಾದರೂ ಆದೀತು. ಸಮಯವನ್ನು ಮಾತ್ರ ತಾಯಂದಿರನ್ನು ಕೇಳಿಯೇ ಇಡಿ. ನಲ್ಲಿಯಲ್ಲಿ ನೀರು ಬರುವ ಹೊತ್ತಿಗೆ ಇಟ್ಟರೆ ಹೆಣ್ಣುಮಕ್ಕಳು ಬರುವುದಿಲ್ಲ. ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದ ಹುಡುಗಿಯನ್ನು ವಾಪಸ್ ಕಳಿಸಬೇಡಿ. ಮಗುವಿಗೂ ಒಂದು ಚಾಪೆ ಹಾಕಿ.

ಆಮೇಲೆ ಸಾಮಾನು. ಪೆಟ್ಟಿಗೆಯಲ್ಲಿ ಬರುವ ದುಬಾರಿ ಕಿಟ್ ತರಬೇಡಿ. 20 ಮಕ್ಕಳ ನಡುವೆ ಒಂದು ಕಿಟ್ ಇಟ್ಟರೆ ಜೋರಿನ ಇಬ್ಬರು ಹುಡುಗರು ಹಿಡಿದುಕೊಳ್ಳುತ್ತಾರೆ, ಉಳಿದವರು ಹಿಂದೆ ಸರಿಯುತ್ತಾರೆ. ಒಂದು ಭಾಗ ಕಳೆದರೆ ಇಡೀ ಕಿಟ್ ಮೂಲೆಗೆ. ನನ್ನ ನಿಯಮ ಒಂದೇ: ಪ್ರತಿ ಮಗುವೂ ಕೈಯಾರೆ ಮಾಡಬೇಕು, ಮಾಡಿದ್ದನ್ನು ಮನೆಗೆ ಒಯ್ಯಬೇಕು.

ಮೊದಲ ದಿನಕ್ಕೆ ಚಿಕ್ಕ ಮೋಟರ್‌ಗಿಂತ ಒಳ್ಳೆಯದು ಬೇರೆ ಇಲ್ಲ. ಕಸದಿಂದ ಆಟಿಕೆ ಮಾಡಿ ವಿಜ್ಞಾನ ಕಲಿಸುವ ಅರವಿಂದ ಗುಪ್ತ ಇದನ್ನು ದೇಶದ ಎಷ್ಟೋ ಮಕ್ಕಳ ಕೈಯಲ್ಲಿ ಮಾಡಿಸಿದ್ದಾರೆ. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ತಲಾ ಒಂದು ದೊಡ್ಡ ಟಾರ್ಚ್ ಸೆಲ್, ಎರಡು ದೊಡ್ಡ ಸೇಫ್ಟಿ ಪಿನ್, ಸೈಕಲ್ ಟ್ಯೂಬಿನಿಂದ ಕತ್ತರಿಸಿದ ರಬ್ಬರ್ ಪಟ್ಟಿ, ಒಂದು ಅಯಸ್ಕಾಂತ, ಒಂದು ಮೀಟರ್ ವೈಂಡಿಂಗ್ ತಂತಿ ಬೇಕು. ತಂತಿ ಮೋಟರ್ ರಿಪೇರಿ ಅಂಗಡಿಯಲ್ಲಿ ಸಿಗುತ್ತದೆ, 24 ಗೇಜ್ ಕೇಳಿ. ಹಳೆಯ ರೇಡಿಯೊದ ಸಣ್ಣ ಸ್ಪೀಕರಿನ ಅಯಸ್ಕಾಂತ ಸಾಕು. ಫ್ರಿಜ್‌ಗೆ ಅಂಟಿಸುವ ರಬ್ಬರ್ ಅಯಸ್ಕಾಂತ ಬೇಡವೇ ಬೇಡ, ಅದಕ್ಕೆ ಶಕ್ತಿ ಸಾಲದು.

ತಂತಿಯನ್ನು ಸೆಲ್ಲಿಗೇ ಎಂಟು ಸುತ್ತು ಸುತ್ತಿ, ಹೊರಗೆ ಜಾರಿಸಿ. ಎರಡು ತುದಿಗಳು ಎದುರುಬದುರು, ಒಂದೇ ಗೆರೆಯಲ್ಲಿ ನೆಟ್ಟಗೆ ನಿಲ್ಲಬೇಕು.

ಎಲ್ಲರೂ ಎಡವುವುದು ಮುಂದಿನ ಕೆಲಸದಲ್ಲಿ. ಈ ತಂತಿ ಬರಿ ತಾಮ್ರದಂತೆ ಕಾಣುತ್ತದೆ, ಆದರೆ ಮೇಲೆ ವಾರ್ನಿಷ್ ಲೇಪ ಇರುತ್ತದೆ. ಅದನ್ನು ತೆಗೆಯದೆ ಕರೆಂಟು ಹರಿಯುವುದಿಲ್ಲ. ಒಂದು ತುದಿಯನ್ನು ಸ್ಯಾಂಡ್‌ಪೇಪರಿನಿಂದ ಸುತ್ತಲೂ ಪೂರ್ತಿ ಉಜ್ಜಿ. ಇನ್ನೊಂದು ತುದಿಯನ್ನು ಅರ್ಧ ಮಾತ್ರ. ಬಳೆಯನ್ನು ಉರುಳಿಸಲು ನೆಟ್ಟಗೆ ನಿಲ್ಲಿಸುತ್ತೇವಲ್ಲ, ಸುರುಳಿಯನ್ನು ಹಾಗೆ ಮೇಜಿನ ಅಂಚಿನಾಚೆ ಹಿಡಿಯಿರಿ. ತುದಿ ಮೇಜಿನ ಮೇಲೆ ಮಲಗಿರಲಿ. ಈಗ ಮೇಲಿನ ಮೈ ಮಾತ್ರ ಉಜ್ಜಿ. ತಂತಿಯನ್ನು ತಿರುಗಿಸಬೇಡಿ. ಉಜ್ಜಿದ ಕಡೆ ಹೊಸ ತಾಮ್ರ ಫಳಫಳ ಹೊಳೆಯಬೇಕು, ಕೆಳಗಿನ ಮೈ ಕಂದಾಗಿಯೇ ಉಳಿಯಬೇಕು.

ಲೈಟರಿನಿಂದ ಸುಡುವ ಅಡ್ಡದಾರಿ ಹಿಡಿಯಬೇಡಿ. ಹೊಗೆ ಕೆಟ್ಟದ್ದು, ಕಪ್ಪು ಮಸಿಯೂ ಕೂರುತ್ತದೆ. ಬ್ಲೇಡಿನಿಂದ ಕೆರೆದರೆ ಬೆರಳು ಕುಯ್ಯುತ್ತದೆ.

ಅರ್ಧವೇ ಯಾಕೆ? ಇದನ್ನು ಮೊದಲೇ ಹೇಳಿಬಿಡಬೇಡಿ. ಇಬ್ಬರು ಎರಡೂ ತುದಿ ಪೂರ್ತಿ ಉಜ್ಜಲಿ. ಮೋಟರ್ ಜೋಡಿಸಿದಾಗ ಅವರ ಸುರುಳಿ ಆಚೆ ಈಚೆ ತೂಗಿ ನಿಂತುಬಿಡುತ್ತದೆ. ಆಗ ಉಯ್ಯಾಲೆಯ ಮಾತು ತೆಗೆಯಿರಿ. ಉಯ್ಯಾಲೆ ಮುಂದೆ ಹೋಗುವಾಗ ತಳ್ಳುತ್ತೇವೆ, ಹಿಂದೆ ಬರುವಾಗಲೂ ಮುಂದಕ್ಕೇ ತಳ್ಳಿದರೆ? ನಿಂತುಹೋಗುತ್ತದೆ. ಇಲ್ಲೂ ಅಷ್ಟೇ. ಅರ್ಧ ಸುತ್ತಿನಲ್ಲಿ ಕರೆಂಟು ತಳ್ಳಬೇಕು, ಉಳಿದರ್ಧದಲ್ಲಿ ಸುಮ್ನೆ ಬಿಡಬೇಕು. ಉಜ್ಜದೆ ಬಿಟ್ಟ ವಾರ್ನಿಷ್ ಆ ಕೆಲಸ ಮಾಡುತ್ತದೆ.

ಸೆಲ್ಲನ್ನು ಮಲಗಿಸಿ, ಉರುಳದಂತೆ ಎರಡು ಕಡೆ ಜೇಡಿಮಣ್ಣು ಒತ್ತಿ. ಪಿನ್ನುಗಳನ್ನು ಸೆಲ್ಲಿನ ಎರಡು ತುದಿಗೆ ಇಟ್ಟು ರಬ್ಬರ್ ಪಟ್ಟಿಯಿಂದ ಬಿಗಿದು, ಮೇಲೆ ಅಯಸ್ಕಾಂತ ಕೂರಿಸಿ. ಸುರುಳಿಯ ಎರಡು ತುದಿಗಳನ್ನು ಪಿನ್ನುಗಳ ಕಣ್ಣಿಗೆ ತೂರಿಸಿ, ಮೆಲ್ಲಗೆ ಒಮ್ಮೆ ತಟ್ಟಿ. ತಿರುಗದಿದ್ದರೆ ತಕ್ಷಣ ಸುರುಳಿ ತೆಗೆಯಿರಿ, ಇಲ್ಲದಿದ್ದರೆ ಸೆಲ್ ಬಿಸಿಯಾಗುತ್ತದೆ. ಮನೆಯ ಪ್ಲಗ್ಗಿನ ಹತ್ತಿರ ಈ ತಂತಿ ಹೋಗಲೇಬಾರದು. ಇದನ್ನು ಮಕ್ಕಳಿಗೆ ಮೂರು ಸಲ ಹೇಳಿ, ಅವರ ಬಾಯಲ್ಲೂ ಹೇಳಿಸಿ.

ಎರಡನೇ ವಾರ ತಂತಿ ಕೊಟ್ಟ ಅಂಗಡಿಯ ಮೆಕ್ಯಾನಿಕ್‌ರನ್ನೇ ಕರೆಯಿರಿ. ಸುಟ್ಟುಹೋದ ಫ್ಯಾನ್ ಬಿಚ್ಚಿ ತೋರಿಸಲಿ. ಆ ಬೀದಿಯಲ್ಲೇ ಇಷ್ಟು ತಿಳಿದವರು ಇದ್ದಾರೆ ಅಂತ ಮಕ್ಕಳಿಗೆ ಗೊತ್ತಾಗುವುದು ನನಗೆ ಬಹಳ ಮುಖ್ಯ. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂಗೆ ಕರೆದೊಯ್ಯುವುದು ಇದಾದ ಮೇಲೆ. ಕೈಯಲ್ಲಿ ಮೋಟರ್ ಮಾಡಿದವರು ಅಲ್ಲಿನ ಎಂಜಿನ್ ಹಾಲ್‌ನಲ್ಲಿ ನಿಂತು ನೋಡುವ ರೀತಿಯೇ ಬೇರೆ.

ಪಕ್ಕದ ಬೀದಿಗೂ ಕೂಟ ಬೇಕು ಅಂತ ಯಾರಾದರೂ ಕೇಳಿದರೆ ಹೊಸ ಸ್ವಯಂಸೇವಕರನ್ನು ಹುಡುಕುತ್ತಾ ಕೂರಬೇಡಿ. ಇಲ್ಲಿ ಕಲಿತ ಎಂಟನೇ ಕ್ಲಾಸಿನವರನ್ನು ಕಳಿಸಿ. ಯಾರನ್ನು ಕಳಿಸಬೇಕು? ಬೇರೆಯವರ ನಿಂತ ಮೋಟರಿನ ತಪ್ಪು ಹಿಡಿಯಬಲ್ಲವರನ್ನು. ಕಳೆದ ಬಾರಿ ಹೀಗೆ ಹೋದ ಹುಡುಗಿಯೊಬ್ಬಳು ಒಬ್ಬನ ಸುರುಳಿಯನ್ನು ಬೆಳಕಿಗೆ ಹಿಡಿದು ನೋಡಿದಳು. "ಅಕ್ಕಾ, ಇವನು ಎರಡೂ ಕಡೆ ಪೂರ್ತಿ ಉಜ್ಜಿಬಿಟ್ಟಿದ್ದಾನೆ" ಅಂದಳು. ನಾನು ಎದ್ದು ಹೋಗುವಷ್ಟರಲ್ಲಿ ಹೊಸ ತಂತಿ ಅಳೆದು ಅವನ ಕೈಗೆ ಕೊಟ್ಟಾಗಿತ್ತು.