ಔಲು: ಜಾರಿ ಬಿದ್ದು ಕಲಿತ ಊರು

ಫಿನ್ಲೆಂಡಿನ ಔಲುಗೆ ಬರುವವರೇ, ಬೆಂಗಳೂರಿನ ಮಾಲ್‌ನಲ್ಲಿ ‘ಸ್ನೋ ಶೂ’ ಅಂತ ಕೊಟ್ಟದ್ದನ್ನು ನಂಬಿ ದುಡ್ಡು ಕಳೆಯಬೇಡಿ. ನಾನು ಕಳೆದೆ. ನವೆಂಬರ್‌ನ ಒಂದು ಬೆಳಿಗ್ಗೆ, ರಾತ್ರಿಯ ಮಳೆ ದಾರಿಯ ಮೇಲೆ ಗಾಜಿನ ಹಾಗೆ ಹೆಪ್ಪುಗಟ್ಟಿತ್ತು. ಕಡಲಂಚಿನ ಮಾರುಕಟ್ಟೆ ಚೌಕದಲ್ಲಿ, ತೋರಿಪೊಲೀಸಿ ಅನ್ನುವ ಡೊಳ್ಳುಹೊಟ್ಟೆ ಪೊಲೀಸಪ್ಪನ ಪ್ರತಿಮೆಯ ಎದುರಿಗೇ ಅಂಗಾತ ಬಿದ್ದೆ. ಮೀಸೆ ಮಣ್ಣಾಗಲಿಲ್ಲ, ಮಂಜಾಯಿತು. ನಮ್ಮಜ್ಜಿ ವಯಸ್ಸಿನವರೊಬ್ಬರು ಸೈಕಲ್ಲಿನಲ್ಲಿ ನನ್ನನ್ನು ಬಳಸಿಕೊಂಡು ಹಾಗೇ ಹೋದರು. ಅವರ ಟೈರಿಗೆ ಮೊಳೆಗಳಿದ್ದವು. ಬೂಟಿಗೆ ತೊಡಿಸುವ ಮೊಳೆಪಟ್ಟಿಯೂ ಇಲ್ಲೇ ಸಿಗುತ್ತದೆ, ಬಂದ ವಾರವೇ ಕೊಳ್ಳಿ.

ಕಾಗದಪತ್ರ: ಜನರ ನೋಂದಣಿಯ ಸರ್ಕಾರಿ ಕಚೇರಿ ಡಿವಿವಿಯಲ್ಲಿ ಗುರುತಿನ ಸಂಖ್ಯೆ, ಆಮೇಲೆ ಬ್ಯಾಂಕು, ಸಾಮಾಜಿಕ ವಿಮೆಯ ಕಚೇರಿ ಕೇಲಾ. ಅದೆಲ್ಲ ಆಗುತ್ತೆ.

ಡಿಸೆಂಬರ್ ಕೊನೆಯ ಹೊತ್ತಿಗೆ ಹಗಲಿರುವುದು ಮೂರೂವರೆ ಗಂಟೆ ಅಷ್ಟೆ. ‘ಬೆಳಕು ಬರಲಿ, ಹೊರಗೆ ಹೋಗೋಣ’ ಅಂತ ಕೂತವನಿಗೆ ಫೆಬ್ರವರಿ ಬಂತು. ಮಗಳಿಗೆ ನೆಗಡಿ, ಒಳಗೇ ಇರಿಸಿ ಅಂತ ಡೇಕೇರ್‌ಗೆ ಚೀಟಿ ಬೇರೆ ಬರೆದಿದ್ದೆ! ಟೀಚರ್ ನಕ್ಕು, ಗೂಟದಲ್ಲಿ ನೇತುಹಾಕಿದ್ದ ಕುರಾಹೌಸುತ್, ಅಂದರೆ ಹೊರಗೆ ಆಡುವಾಗ ಹಾಕುವ ಕೆಸರು ಪ್ಯಾಂಟು, ತೋರಿಸಿದರು. ಆ ಭಾನುವಾರ ಅವಳೇ ನನ್ನನ್ನು ನಲ್ಲಿಕಾರಿ ಕಡಲತೀರಕ್ಕೆ ಎಳೆದುಕೊಂಡು ಹೋದಳು. ಬೇಸಿಗೆಯಲ್ಲಿ ಜನ ಈಜುವ ಕಡಲಿನ ಮೇಲೆ ನಡೆದೆವು. ಇಲ್ಲಿ ಬಾತ್ನಿಯ ಕೊಲ್ಲಿಯ ನೀರಿಗೆ ಉಪ್ಪು ಕಡಿಮೆ, ಚಳಿಗಾಲಕ್ಕೆ ಕಲ್ಲಾಗುತ್ತದೆ.

ಮೊದಲ ಸಂಕ್ರಾಂತಿಗೆ ಎಳ್ಳು-ಬೆಲ್ಲ, ಅಮ್ಮ ಕಳಿಸಿದ ಸಕ್ಕರೆ ಅಚ್ಚು ಹಿಡಿದು ಎದುರುಮನೆಯ ಬೆಲ್ ಒತ್ತಿದೆವು, ಹೇಳದೆ ಕೇಳದೆ. ಬಾಗಿಲು ಒಂದು ಗೇಣು ತೆರೆಯಿತು. ‘ಕೀತೋಸ್’, ಅಂದರೆ ಥ್ಯಾಂಕ್ಸ್, ಅಂದರು, ಬಾಗಿಲು ಹಾಕಿಕೊಂಡರು. ಒಳ್ಳೆ ಮಾತಾಡಿ ಅನ್ನೋಣವೆಂದರೆ ಮಾತೇ ಇಲ್ಲ! ತಿಂಗಳುಗಟ್ಟಲೆ ಮುನಿಸಿಕೊಂಡಿದ್ದೆ. ಮೇ ತಿಂಗಳಲ್ಲಿ ಕಟ್ಟಡದವರೆಲ್ಲ ಸೇರಿ ಅಂಗಳ ಗುಡಿಸುವ ತಾಲ್ಕೋತ್ ಇರುತ್ತದೆ, ನಮ್ಮ ಮುಯ್ಯಾಳಿನ ಹಾಗೆ, ತಪ್ಪಿಸಬೇಡಿ. ಅವತ್ತು ಅದೇ ಮನುಷ್ಯ ಕೈಗೆ ಕುಂಟೆ ಕೊಟ್ಟು, ಆ ಸಕ್ಕರೆ ಮೀನನ್ನು ತಿನ್ನಬೇಕಿತ್ತೋ, ಇಟ್ಟುಕೊಳ್ಳಬೇಕಿತ್ತೋ ಎಂದು ಕೇಳಿದರು. ಇನ್ನೂ ಕಪಾಟಿನಲ್ಲಿತ್ತಂತೆ.

ಮಗಳಿಗೀಗ ಎಂಟು. ಮಂಜು-ಮಳೆ ಬೆರೆತು ಬೀಳುವುದಕ್ಕೆ ಫಿನ್ನಿಷ್‌ನಲ್ಲಿ ರ‍್ಯಾಂತಾ. ಕನ್ನಡದಲ್ಲಿ ಏನು ಅಂತ ಕೇಳಿದಳು. ನನಗೆ ಹೊಳೆಯಲಿಲ್ಲ. ಬದಲಿಗೆ ಸೋನೆ ಮಳೆ ಅಂದರೇನು ಅಂತ ಹೇಳಲು ಹೋದೆ. ಕೈ ಆಡಿಸಿದೆ, ಹಂಚಿನ ಮನೆ, ಸೂರಿನ ಹನಿ ಎಲ್ಲ ವರ್ಣಿಸಿದೆ. ‘ಸೂರು ಅಂದ್ರೆ?’ ಅಂದಳು.